ಆಸ್ಪತ್ರೆಯ ಫೈಲು, ಮನೆಯ ಕಿರ್ದಿ



ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಐವತ್ತು ವರ್ಷದ ಹಿಂದಿನ ಕಿರ್ದಿ ಸಿಗುತ್ತದೆ, ಹೋದ ವರ್ಷದ ಎಕ್ಸ್‌ರೇ ಸಿಗುವುದಿಲ್ಲ. ಯಾರಿಗೆ ಎಷ್ಟು ಉದ್ದರಿ ಕೊಟ್ಟಿದ್ದೆವೆಂಬುದು ಅಜ್ಜನ ಕೈಬರಹದಲ್ಲಿಯೇ ಇದೆ. ಆ ಅಜ್ಜ ಯಾವ ರೋಗದಿಂದ ತೀರಿಕೊಂಡರೆಂದು ಕೇಳಿದರೆ ಮಾತ್ರ "ದಮ್ಮು ಇತ್ತು" ಎನ್ನುತ್ತೇವೆ. ರೋಗದ ಕಾಗದಗಳಿಗೂ ಬೆಲೆಯುಂಟೆಂದು ನನಗೆ ತಿಳಿದದ್ದು ನಮ್ಮ ಅಣ್ಣನವರ ಶ್ವಾಸಕೋಶದ ಕ್ಯಾನ್ಸರಿನಿಂದ.

ಅಣ್ಣನವರು ಬೀಡಿ, ತಂಬಾಕು ಮುಟ್ಟಿದವರಲ್ಲ. ಅಷ್ಟಮಿ, ಚತುರ್ದಶಿಯ ಏಕಾಶನ ತಪ್ಪಿಸಿದವರಲ್ಲ. 2018ರ ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು. ಮೊದಲು ಕ್ಷಯವೆಂದು ಔಷಧ ನಡೆಯಿತು. ದೀಪಾವಳಿಯ ಹೊತ್ತಿಗೆ ಮುಂಬಯಿಯಲ್ಲಿ ತುಣುಕು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದರು. ಧೂಮಪಾನ ಮಾಡದವರಿಗೂ ಇದು ಬರುತ್ತದೆ, ನಮ್ಮ ದೇಶದಲ್ಲಿ ಅಂಥ ರೋಗಿಗಳು ಕಡಿಮೆಯೇನಿಲ್ಲ ಎಂದು ಡಾಕ್ಟರು ತಿಳಿಸಿದರು. ಅತ್ತಿಗೆಯವರು ಅಸಾತಾವೇದನೀಯ ಕರ್ಮದ ಉದಯವೆಂದು ಸಮಾಧಾನ ತಂದುಕೊಂಡರು. 2020ರ ಜನವರಿಯಲ್ಲಿ ಅಣ್ಣನವರು ದೇಹ ಬಿಟ್ಟರು.

ಮುಂದಿನ ವರ್ಷ ಆಸ್ಪತ್ರೆಯಿಂದ ಪತ್ರ ಬಂತು. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿ ಯಾವ ಚಿಕಿತ್ಸೆಯಿಂದ ಎಷ್ಟು ಗುಣ, ಎಷ್ಟು ಖರ್ಚು ಎಂದು ಅಭ್ಯಾಸ ಮಾಡುವವರಿದ್ದಾರೆ, ಮನೆಯವರ ಒಪ್ಪಿಗೆ ಬೇಕು ಎಂದಿತ್ತು. ಅಣ್ಣನ ಮಗ ಕಾಗದ ಮಡಚಿಟ್ಟ. "ಕಾಕಾ, ಸಹಿ ಮಾಡಬ್ಯಾಡ್ರಿ. ತಂಗಿಗೆ ವರ ನೋಡಾಕತ್ತೇವಿ. ಈ ಮನ್ಯಾಗ ಕ್ಯಾನ್ಸರ್ ಐತಿ ಅಂತ ಸುದ್ದಿ ಆದ್ರ ಯಾರ ಬರ್ತಾರ?" ಎಂದ. ಅವನ ಅಂಜಿಕೆ ಸುಳ್ಳಲ್ಲ. ನಮ್ಮ ಸಮಾಜ ಸಣ್ಣದು, ಬಸದಿಯ ಕಟ್ಟೆಯ ಮೇಲಿನ ಮಾತು ಮೂರು ಜಿಲ್ಲೆ ಮುಟ್ಟುತ್ತದೆ.

ನಾನು ಮ್ಯಾಟ್ರಿಕ್ ಓದಿದವನು, ಆದರೆ ಲೆಕ್ಕ ತಿಳಿಯುತ್ತದೆ. ಪರಿಚಯದ ಡಾಕ್ಟರರನ್ನು ಕೇಳಿ ತಿಳಿದುಕೊಂಡೆ. ಅಮೇರಿಕೆಯಲ್ಲಿ 1973ರಿಂದ ಕ್ಯಾನ್ಸರ್ ರೋಗಿಗಳ ಸರಕಾರಿ ನೋಂದಣಿ ಇದೆ. 65 ವರ್ಷ ದಾಟಿದವರ ಔಷಧೋಪಚಾರದ ಹಣ ಕೊಡುವ ಮೆಡಿಕೇರ್ ಎಂಬ ಸರಕಾರಿ ವಿಮೆಯೂ ಇದೆ. ಒಂದರಲ್ಲಿ ರೋಗ ಯಾವುದು, ಎಷ್ಟು ಬೆಳೆದಿತ್ತು ಎಂಬುದು, ಇನ್ನೊಂದರಲ್ಲಿ ಬಿಲ್ಲು. ಎರಡೂ ವಹಿಗಳನ್ನು 1990ರ ದಶಕದ ಆರಂಭದಲ್ಲಿ ತಾಳೆ ಹಾಕಿದರು. ರೋಗ ಗೊತ್ತಾದ ಮೊದಲ ತಿಂಗಳುಗಳಲ್ಲಿ ಮತ್ತು ಆಯುಷ್ಯದ ಕೊನೆಯ ವರ್ಷದಲ್ಲಿ ಖರ್ಚು ಏರುತ್ತದೆ, ನಡುವೆ ಇಳಿದಿರುತ್ತದೆ ಎಂಬುದು ಇಂಥ ಲೆಕ್ಕದಿಂದ ಕಂಡಿತು. ಇದನ್ನು ಕೇಳಿ ನಮ್ಮ ಕಿರ್ದಿ ತೆರೆದೆ. ಅಣ್ಣನ ಖಾತೆಯೂ ಅದೇ ಆಕಾರದಲ್ಲಿತ್ತು.

ಆದರೆ ನಮ್ಮಲ್ಲಿ ಇನ್ನೊಂದು ತೊಡಕು. ಬಹುತೇಕ ಮನೆಗಳು ಕೈಯಿಂದಲೇ ಹಣ ಹಾಕುತ್ತವೆ. ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟದ್ದು ಮಾತ್ರ ಫೈಲಿನಲ್ಲಿ ಏರುತ್ತದೆ. ಹದಿನಾಲ್ಕು ಸಲ ಅಕ್ಕಲಕೋಟೆಯಿಂದ ಮುಂಬಯಿಗೆ ಹೋದ ರೈಲು, ಧರ್ಮಶಾಲೆ, ಹೊರಗಿನ ಅಂಗಡಿಯ ಗುಳಿಗೆ, ಅಣ್ಣನ ಮಗ ಬಾಗಿಲು ಹಾಕಿದ ದಿನಗಳ ವ್ಯಾಪಾರ, ಮಾರಿದ ಬಂಗಾರ, ಇವು ಯಾವ ಡಾಕ್ಟರರಿಗೂ ಕಾಣುವುದಿಲ್ಲ. ಅದೆಲ್ಲ ಇದ್ದದ್ದು ನನ್ನ ಕಿರ್ದಿಯಲ್ಲಿ, ತಾರೀಖು ಸಹಿತ.

ದಾಖಲೆಯ ಬೆಲೆ ತಿಳಿಯಲು ಅಮೇರಿಕೆಗೆ ಹೋಗಬೇಕಿಲ್ಲ. ನಮ್ಮದೇ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಭಾರತದ ಹಳ್ಳಿಗಳಿಗೆ ಅದೇ ಮೊದಲನೆಯದು. ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ ಹಳ್ಳಿಗಳಿಗೆ ಕಾರ್ಯಕರ್ತರು ಹೋಗಿ, ಜನರನ್ನು ಕೂಡಿಸಿ, ಲಕ್ಷಣ ತಿಳಿಸಿ, ಸಂಶಯವಿದ್ದವರನ್ನು ಆಸ್ಪತ್ರೆಗೆ ಕರೆತಂದರು. ರೋಗಿ ಬರಲಿ, ಬರೆದುಕೊಳ್ಳೋಣ ಎಂದು ಕುಳಿತಿದ್ದರೆ ಆ ವಹಿ ಖಾಲಿ ಉಳಿಯುತ್ತಿತ್ತು.

ಬೆಲೆಯ ಮಾತು ವ್ಯಾಪಾರಸ್ಥರಿಗೆ ಹೇಳಲೇಬೇಕು. 2019ರ ಫೆಬ್ರುವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರವು 42 ಕ್ಯಾನ್ಸರ್ ಔಷಧಗಳ ಮೇಲೆ ವ್ಯಾಪಾರದ ಮಾರ್ಜಿನ್ ಶೇ. 30 ಮೀರಬಾರದೆಂದು ಆಜ್ಞೆ ಮಾಡಿತು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೊಟಿನಿಬ್ ಗುಳಿಗೆಯ ಒಂದು ಕಂಪನಿಯ ಮಾಲಿನ ಮೇಲೆ ಛಾಪಿಸಿದ ಬೆಲೆ 9,999 ರೂಪಾಯಿ ಇದ್ದದ್ದು 900ರ ಒಳಗೆ ಬಂತು! ನಾವು ಸಕ್ಕರೆಯ ಕ್ವಿಂಟಲ್ಲಿಗೆ ನಾಲ್ಕು ಕಾಸು ಹೆಚ್ಚು ತೆಗೆದರೆ ಗಿರಾಕಿ ಬಾಯಿ ಮಾಡುತ್ತಾನೆ. ಸಾಯುವವನ ಗುಳಿಗೆಯ ಮೇಲೆ ಇಂಥ ಬೆಲೆ ಛಾಪಿಸಿದ್ದು ಯಾವ ಅಣುವ್ರತಕ್ಕೆ ಒಪ್ಪುತ್ತದೆ? ಛಾಪಿಸಿದ ಬೆಲೆಯೊಂದು, ಕೊಟ್ಟ ಬೆಲೆಯೊಂದು ಇರುವಲ್ಲಿ ರೋಗಿಯ ಕೈಯ ಬಿಲ್ಲೇ ಸಾಕ್ಷಿ.

ಹೆಸರಿನ ವಿಷಯವನ್ನೂ ಕೇಳಿದೆ. ಅಭ್ಯಾಸಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು, ಗುಟ್ಟು ಕಾಯಬೇಕು, ಹೆಸರಿನ ಜಾಗದಲ್ಲಿ ನಂಬರು ಇಡುತ್ತಾರೆ ಎಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಅಣ್ಣನ ಮಗನಿಗೆ ಇದರಿಂದ ಅರ್ಧ ಸಮಾಧಾನವಾಯಿತು. ಉಳಿದರ್ಧ ಮಾಡಿದವರು ಅತ್ತಿಗೆಯವರು. "ನಾಕು ದಾನದಾಗ ಔಷಧದಾನ, ಶಾಸ್ತ್ರದಾನ ಎರಡೂ ಅದಾವು. ಇದು ಎರಡಕ್ಕೂ ಬರತದ, ಸಹಿ ಹಾಕ್ರಿ" ಎಂದರು. ಸಹಿಯೊಡನೆ ಕಿರ್ದಿಯ ಇಪ್ಪತ್ತೆರಡು ಪುಟಗಳ ಜೆರಾಕ್ಸ್ ಕಳಿಸಿದೆವು. ಕನ್ನಡ ಅಂಕಿ ಓದಲು ಬರುವುದಿಲ್ಲವೆಂದು ಅಲ್ಲಿಯ ಹುಡುಗಿ ಫೋನ್ ಮಾಡಿದಳು. ಎರಡು ಸಂಜೆ ಒಂದೊಂದು ಸಾಲನ್ನೂ ಓದಿ ಹೇಳಿದೆ.

ವರನ ಕಡೆಯವರಿಗೆ ಅತ್ತಿಗೆಯವರು ಮೊದಲ ಭೇಟಿಯಲ್ಲಿಯೇ ಎಲ್ಲ ತಿಳಿಸುತ್ತಿದ್ದರು. ಒಂದು ಸಂಬಂಧ ಹಿಂದೆ ಸರಿಯಿತು. ಎರಡನೆಯದು ಜತ್ತದ್ದು, ಅದು ಕೂಡಿತು. ಆ ಬೀಗರು ಜಾತಕ ನೋಡಿದ ಮೇಲೆ ಕಿರ್ದಿಯನ್ನೂ ತರಿಸಿಕೊಂಡು, ಕನ್ನಡಕ ಏರಿಸಿ, ಯಾವ ಗುಳಿಗೆ ಎಲ್ಲಿ ಕೊಂಡಿರಿ, ದರ ಎಷ್ಟು ಎಂದು ಬರೆದುಕೊಂಡರು. ಅವರ ತಮ್ಮನಿಗೆ ಆಗ ಅದೇ ರೋಗದ ಔಷಧ ನಡೆದಿತ್ತು.