ಒತ್ತುವ ಗಾಜು, ಮುಟ್ಟುವ ಗಾಜು

ಎತ್ತು ಕೊಳ್ಳುವುದರಲ್ಲಿ ನಮ್ಮ ಕಡೆಯ ರೈತನಿಗಿರುವ ವಿವೇಕವು ಫೋನು ಕೊಳ್ಳುವುದರಲ್ಲಿ ನಮ್ಮಂಥ ಓದಿದವರಿಗೆ ಇಲ್ಲವೆಂದರೆ ವಾಚಕರು ಸಿಟ್ಟಾಗಬಾರದು. ನಮ್ಮೂರು ಕೊಕಟನೂರ, ಅಥಣಿ ತಾಲೂಕಿನಲ್ಲಿ ಯಲ್ಲಮ್ಮನ ಜಾತ್ರೆಯಿಂದ ಹೆಸರಾದ ಊರು. ಆ ಸೀಮೆಯ ರೈತ ಖಿಲಾರಿ ಎತ್ತನ್ನು ಕೊಳ್ಳಹೊರಟನೆಂದರೆ ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ದರದ ಮಾತು ಬಾಯಿಂದ ಬರುವುದಿಲ್ಲ. ದಲಾಲಿಯ ಕೈಯನ್ನು ವಸ್ತ್ರದ ಮರೆಯಲ್ಲಿ ಹಿಡಿದು, ಬೆರಳು ಒತ್ತಿ, ಬೆರಳು ಬಿಟ್ಟು, ಬೆರಳಿನಲ್ಲಿಯೇ ವ್ಯವಹಾರ ಮುಗಿಸುತ್ತಾನೆ. ಇಷ್ಟೆಲ್ಲ ಆದರೂ ನೊಗಕ್ಕೆ ಹೂಡಿ ಒಂದು ಸಾಲು ಹೊಡೆಸಿ ನೋಡದೆ ಹಣ ಎಣಿಸುವವನಲ್ಲ. “ಎತ್ತು ಛಲೋ ಅದ ಏನು ಅಂತ ಕೇಳಬ್ಯಾಡ, ನನ್ನ ಹೊಲಕ್ಕ ಛಲೋ ಅದ ಏನು ಅಂತ ಕೇಳು” ಎಂಬುದು ನಮ್ಮ ತಂದೆಯವರ ಸೂತ್ರವಾಗಿತ್ತು.

ಈ ಸೂತ್ರದ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ೨೦೧೧ರ ದೀಪಾವಳಿಯ ಸುಮಾರಿಗೆ, ಮುಟ್ಟಿದರೆ ಕೆಲಸ ಮಾಡುವ ಫೋನೊಂದನ್ನು ಆರಿಸಬೇಕಾಗಿ ಬಂದಾಗ. ಆಗ ಅಂಥ ಫೋನುಗಳು ನಮ್ಮ ಸಣ್ಣ ಪಟ್ಟಣಗಳ ಅಂಗಡಿಗಳಿಗೆ ಹೊಸದಾಗಿ ಬರುತ್ತಿದ್ದವು. ಅವುಗಳ ಪೂರ್ವೇತಿಹಾಸವನ್ನು ಸ್ವಲ್ಪ ಹೇಳಿದರೆ ಮುಂದಿನ ಮಾತಿಗೆ ಅನುಕೂಲವಾದೀತು.

ಗಾಜು ಮುಟ್ಟಿ ಕೆಲಸ ಮಾಡಿಸುವ ಫೋನು ೧೯೯೪ರಲ್ಲಿಯೇ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದಿತ್ತು. ಐಬಿಎಂ ಸೈಮನ್ ಎಂದು ಅದರ ಹೆಸರು. ಆದರೆ ಲೋಕಕ್ಕೆ ಹುಚ್ಚು ಹಿಡಿದದ್ದು ೨೦೦೭ರ ಜನವರಿ ೯ರಂದು ಸ್ಟೀವ್ ಜಾಬ್ಸ್ ಐಫೋನನ್ನು ಪ್ರದರ್ಶಿಸಿದ ಮೇಲೆ. ಒತ್ತುವ ಗುಂಡಿಗಳ ಸಾಲೂ ಬೇಡ, ಬರೆಯುವ ಕಡ್ಡಿಯೂ ಬೇಡ, ಹುಟ್ಟಿನಿಂದ ಬಂದ ಬೆರಳೇ ಸಾಕು ಎಂಬುದು ಆ ಮಹಾಶಯರ ವಾದ. ಅದರ ಮುಂದಿನ ಅವತಾರವಾದ ಐಫೋನ್ ೩ಜಿ ೨೦೦೮ರ ಆಗಸ್ಟ್ ೨೨ರಂದು ಭಾರತಕ್ಕೆ ಬಂತು. ಬೆಲೆ ೩೧,೦೦೦ ರೂಪಾಯಿ! ಹೆಸರಿನಲ್ಲಿದ್ದ ೩ಜಿ ಸೇವೆ ನಮ್ಮ ದೇಶದಲ್ಲಿ ಆಗಿನ್ನೂ ಆರಂಭವೇ ಆಗಿರಲಿಲ್ಲವೆಂಬುದು ಬೇರೆ ಮಾತು. ಪಲ್ಲಕ್ಕಿ ಮೊದಲು ಬಂದು ದೇವರು ಆಮೇಲೆ ಬಂದಂತಾಯಿತು. ತಾಸಿನ ಲೆಕ್ಕದ ಗೌರವಧನದಲ್ಲಿ ಪಾಠ ಹೇಳುತ್ತಿದ್ದ ನನ್ನಂಥವನಿಗೆ ಆ ಬೆಲೆಯು ಪತ್ರಿಕೆಯಲ್ಲಿ ಓದಿ ಮಡಿಸಿಡತಕ್ಕ ಸುದ್ದಿಯಾಗಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ನೋಕಿಯಾದವರು ೫೮೦೦ ಎಂಬ ಫೋನನ್ನು ಪ್ರಕಟಿಸಿದರು. ಬೇಡವೆಂದ ಕಡ್ಡಿಯನ್ನು ಇವರು ಬೇಕೆಂದೇ ಕೊಟ್ಟರು. ಸಾಲದೆಂಬಂತೆ ಗಿಟಾರು ಮೀಟುವ ಬಿಲ್ಲೆಯಂಥದೊಂದನ್ನೂ ಜೊತೆಗಿಟ್ಟರು. ೨೦೧೦ರಲ್ಲಿ ಅದರ ಬಡ ತಮ್ಮನಂತೆ ೫೨೩೩ ಬಂತು. ವೈಫೈ ಇಲ್ಲ, ೩ಜಿ ಇಲ್ಲ. ೨೦೧೧ರಲ್ಲಿ ಸ್ಯಾಮ್‌ಸಂಗಿನ ಗ್ಯಾಲಕ್ಸಿ ವೈ ಬಂತು. ಮೂರು ಇಂಚಿನ ಪುಟ್ಟ ಗಾಜು, ಒಳಗೆ ಆಂಡ್ರಾಯ್ಡ್ ೨.೩. ನಮ್ಮಂಥವರ ಕೈಗೆ ನಿಲುಕುವ ಜಗತ್ತು ಇಷ್ಟು.

ಈ ಫೋನುಗಳಲ್ಲಿ ಎರಡು ಜಾತಿ. ಒಂದು ಒತ್ತುವ ಗಾಜಿನದು. ಅದರ ಮೈ ನಿಜವಾಗಿ ಗಾಜಲ್ಲ, ಬಾಗುವ ತೆಳುಹಾಳೆ. ಅದರ ಕೆಳಗೆ ಕೂದಲೆಳೆಯಷ್ಟು ಅಂತರ ಬಿಟ್ಟು ಇನ್ನೊಂದು ಪದರ. ಮೇಲಿನದನ್ನು ಒತ್ತಿದಾಗ ಎರಡೂ ಕೂಡುತ್ತವೆ; ಕೂಡಿದ ಜಾಗ ಯಾವುದೆಂದು ಯಂತ್ರ ಅರಿಯುತ್ತದೆ. ಒತ್ತಿದ್ದು ಬೆರಳೋ, ಉಗುರೋ, ಪೆನ್ನಿನ ತುದಿಯೋ, ಅದಕ್ಕೆ ಭೇದವಿಲ್ಲ. ಎರಡನೆಯದು ಮುಟ್ಟುವ ಗಾಜಿನದು. ಇದರ ಮೇಲ್ಮೈಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ ಕ್ಷೇತ್ರವಿರುತ್ತದೆ. ನಮ್ಮ ಮೈಯಲ್ಲಿರುವ ನೀರು, ಉಪ್ಪುಗಳ ದೆಸೆಯಿಂದ ಬೆರಳು ವಿದ್ಯುತ್ ವಾಹಕ. ಅದು ಸೋಕಿದೊಡನೆ ಕ್ಷೇತ್ರ ಕದಡುತ್ತದೆ. ಕದಡಿದ ಜಾಗವನ್ನು ಯಂತ್ರ ಗುರುತಿಸುತ್ತದೆ. ಒತ್ತುವ ಶ್ರಮವಿಲ್ಲ, ಹೂವು ಸರಿಸಿದಂತೆ ಪುಟ ಸರಿಸಬಹುದು. ಆದರೆ ಬರಿಯ ಉಗುರಾಗಲಿ, ಒಣಗಿದ ಕಡ್ಡಿಯಾಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ನಾನು ಕನ್ನಡದ ಮೇಷ್ಟರಾದ್ದರಿಂದ ಇಲ್ಲೊಂದು ಮಾತು ಸೇರಿಸುವುದು ಅನಿವಾರ್ಯ. ಕಕಾರದಿಂದ ಮಕಾರದವರೆಗಿನ ಇಪ್ಪತ್ತೈದು ವರ್ಗೀಯ ವ್ಯಂಜನಗಳಿಗೆ ಹಳೆಯ ಶಾಸ್ತ್ರದಲ್ಲಿ ‘ಸ್ಪರ್ಶ’ಗಳೆಂದೇ ಹೆಸರು. ಬಾಯೊಳಗಿನ ಒಂದು ಅಂಗ ಇನ್ನೊಂದನ್ನು ಮುಟ್ಟಿದಾಗಲೇ ಅವು ಹುಟ್ಟುತ್ತವೆ. ಮುಟ್ಟಿದರೆ ಮಾತು ಎಂಬ ತತ್ತ್ವ ನಮಗೆ ಹೊಸದಲ್ಲವೆಂದು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದ್ದುಂಟು.

ನಮ್ಮ ಮನೆಯ ಕಥೆ ಇಷ್ಟು. ತಂದೆಯವರಿಗೆ ಪತ್ರಿಕೆಯ ಹುಚ್ಚು. ಶಾಲೆಯ ನಾಲ್ಕನೆಯ ಇಯತ್ತೆಗೇ ಓದು ನಿಂತಿದ್ದರೂ ಅಚ್ಚಾದ ಅಕ್ಷರವನ್ನು ಕಂಡರೆ ಬಿಡುವವರಲ್ಲ. ಪತ್ರಿಕೆ ಬರುವುದು ಬಸ್ಸಿನ ಮೇಲೆ. ಬಸ್ಸು ತಡವಾದರೆ ಸುದ್ದಿಯೂ ತಡ. ಕಬ್ಬಿನ ಹಂಗಾಮದಲ್ಲಿ ಟನ್ನಿಗೆ ಎಷ್ಟು ದರ ಎಂಬ ಚರ್ಚೆ ಎದ್ದಾಗಲಂತೂ ಅವರ ಚಡಪಡಿಕೆ ನೋಡಲಾಗದು. ಫೋನಿನಲ್ಲಿ ಪತ್ರಿಕೆ ಓದಬಹುದಂತೆ ಎಂದು ಯಾರೋ ಹೇಳಿದ್ದರು. ಮನೆಯ ಹಣದಲ್ಲಿ ಬರುವುದು ಒಂದೇ ಫೋನು. ಅದು ಯಾವುದೆಂದು ಗೊತ್ತುಮಾಡುವುದು ನನ್ನ ಪಾಲಿಗೆ ಬಂತು.

ನಾನು ಶಾಸ್ತ್ರೋಕ್ತವಾಗಿ ಕೋಷ್ಟಕ ಹಾಕಿದೆ. ಗಾಜಿನ ಅಳತೆ, ಚುಕ್ಕಿಗಳ ಸಂಖ್ಯೆ, ಯಂತ್ರದ ವೇಗ, ಕ್ಯಾಮೆರಾ, ಬ್ಯಾಟರಿ, ಬೆಲೆ. ಮಾತ್ರೆ ಎಣಿಸಿ ಕವಿತೆಗೆ ಗುಣ ಹಾಕಿದಂತೆ ಕೂಡಿಸಿ ನೋಡಿದಾಗ ಮುಟ್ಟುವ ಫೋನೊಂದು ಮೇಲೆ ನಿಂತಿತು. ನನ್ನ ಆಸೆಯೂ ಅದರ ಮೇಲೆಯೇ ಇತ್ತೆಂಬುದನ್ನು ಮರೆಮಾಚಲಾರೆ. ಎರಡು ಜಾತಿಯ ಎರಡು ಫೋನುಗಳನ್ನು ಗುರುತುಮಾಡಿಕೊಂಡು ತಂದೆಯವರನ್ನೂ ಕರೆದುಕೊಂಡು ಅಥಣಿಗೆ ಹೋದೆ. ಅಂಗಡಿಯ ಹೆಸರೂ ಫೋನುಗಳ ಹೆಸರೂ ಇಲ್ಲಿ ಬೇಡ.

ಮುಟ್ಟುವ ಫೋನು ಮೊದಲು ಅವರ ಕೈಗೆ ಬಂತು. ಅವರು ಬೆರಳಿಟ್ಟರು, ಗಾಜು ಅಲುಗಲಿಲ್ಲ. ಮತ್ತೆ ಇಟ್ಟರು, ಇಲ್ಲ. ನಾನು ಮುಟ್ಟಿದೆ, ಪುಟ ಸರ್ರನೆ ಸರಿಯಿತು. ಅಂಗಡಿಯ ಹುಡುಗ ಮುಟ್ಟಿದ, ಸರಿಯಿತು. ಅವರು ಮುಟ್ಟಿದರೆ ಮಾತ್ರ ಕಲ್ಲು. “ಅಜ್ಜಾರ, ಬಟ್ಟ ಸ್ವಲ್ಪ ಹಸೀ ಮಾಡ್ಕೊಳ್ಳರಿ” ಎಂದ ಹುಡುಗ. ಹಾಳೆ ತಿರುವುವಾಗಿನಂತೆ ಅವರು ಬೆರಳನ್ನು ನಾಲಗೆಗೆ ಸೋಕಿಸಿ ಇಟ್ಟರು. ಆಗ ಅದು ಒಮ್ಮೆ ಒಪ್ಪಿಕೊಂಡಿತು. “ಸುದ್ದಿ ಓದಬೇಕಾದ್ರ ಇದನ್ನ ಹಿಂಗ ನೆಕ್ಕೋತ ಕೂಡ್ಲೇನೋ ತಮ್ಮಾ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಐವತ್ತು ವರ್ಷ ಕುಡಗೋಲು, ಕುಂಟೆ, ನೇಗಿಲು ಹಿಡಿದು ಜಡ್ಡುಗಟ್ಟಿದ ಬೆರಳದು. ಆ ಒಣಚರ್ಮದ ಆಚೆ ಇರುವ ಜೀವ ಗಾಜಿಗೆ ತಿಳಿಯಲಿಲ್ಲ. ಸೀಮೆಸುಣ್ಣ ಹಿಡಿದ ನನ್ನ ಬೆರಳು ತಿಳಿಯಿತು. ನನ್ನ ಬೆರಳು ಮೆತ್ತಗೆ ಉಳಿದದ್ದು ಅವರ ಬೆರಳು ಜಡ್ಡುಗಟ್ಟಿದ್ದರಿಂದ ಎಂಬ ಲೆಕ್ಕಕ್ಕೆ ನನ್ನ ಕೋಷ್ಟಕದಲ್ಲಿ ಮನೆಯೇ ಇರಲಿಲ್ಲ.

ಒತ್ತುವ ಫೋನನ್ನು ಅವರು ಉಗುರಿನಿಂದ ಒತ್ತಿದರು. ಮೊದಲ ಸಲಕ್ಕೇ ಅದು ತೆರೆದುಕೊಂಡಿತು.

ಇನ್ನು ಅಕ್ಷರದ ಪರೀಕ್ಷೆ. ‘ಸ್ವಾತಂತ್ರ್ಯ’ ಎಂಬ ಪದ ಇರುವ ಕನ್ನಡ ಪುಟವೊಂದನ್ನು ತೆರೆಯಿಸಿದೆ. ಒತ್ತಕ್ಷರದ ಕೆಳಗೆ ಮತ್ತೊಂದು ಒತ್ತಕ್ಷರವನ್ನು ಹೊತ್ತ ಪದ ಅದು. ಎರಡು ಫೋನುಗಳಲ್ಲಿಯೂ ಕಂಡದ್ದು ಖಾಲಿ ಚೌಕಗಳ ಸಾಲು, ಬಿತ್ತದ ಹೊಲದ ಮಡಿಗಳಂತೆ. ಕನ್ನಡದ ಅಕ್ಷರಗಳಿಗೆ ಯೂನಿಕೋಡಿನಲ್ಲಿ ೧೯೯೧ರಲ್ಲಿಯೇ ಅಂಕೆಗಳು ಗೊತ್ತಾಗಿದ್ದವು. ಆದರೆ ಅಂಕೆ ಬೇರೆ, ಆಕಾರ ಬೇರೆ. ಗುಣಿತವನ್ನೂ ಒತ್ತನ್ನೂ ಕೂಡಿಸುವ ವಿದ್ಯೆ ಯಂತ್ರಕ್ಕೆ ಬರದಿದ್ದರೆ ಅಕ್ಷರಗಳಿದ್ದರೂ ಅದು ‘ಕನ್‌ನಡ’ ಎಂದು ಬಿಡಿಬಿಡಿಯಾಗಿ ಮುರಿದು ಬರೆಯುತ್ತದೆ. ಆಂಡ್ರಾಯ್ಡ್ ಕನ್ನಡವನ್ನು ತಾನಾಗಿ ಕಲಿತದ್ದು ೨೦೧೨ರಲ್ಲಿ ಬಂದ ೪.೧ನೆಯ ಆವೃತ್ತಿಯಲ್ಲಿ, ತೆಲುಗು ಮಲಯಾಳಗಳ ಜೊತೆಗೆ. ಅಂಕೆಗೂ ಆಕಾರಕ್ಕೂ ನಡುವೆ ಇಪ್ಪತ್ತೊಂದು ವರ್ಷ!

ಅಲ್ಲಿಯವರೆಗೆ ಉಪಾಯದಿಂದ ಬದುಕಬೇಕಾಗಿತ್ತು. ಅಂಗಡಿಯ ಹುಡುಗ ಜಾಣ. ಒಪೆರಾ ಮಿನಿ ಎಂಬ ಜಾಲ ನೋಡುವ ಸಾಧನವನ್ನು ಒತ್ತುವ ಫೋನಿನೊಳಗೆ ಇಳಿಸಿ, ಅದರ ಒಳಕೋಣೆಯಲ್ಲಿ ಒಂದು ಸೂಚನೆಯನ್ನು ಬದಲಿಸಿದ. ಆ ಮೇಲೆ ಎಲ್ಲಿಯೋ ದೂರದ ಯಂತ್ರವೊಂದು ಕನ್ನಡದ ಪದಗಳನ್ನು ಚಿತ್ರಗಳಾಗಿ ಬರೆದು ಕಳುಹಿಸತೊಡಗಿತು. ಅಂಚು ಒರಟು, ಗೆರೆ ಮಸುಕು. ಆದರೆ ‘ಸ್ವಾತಂತ್ರ್ಯ’ ಸಾಂಗವಾಗಿ ಬಂತು. ತಂದೆಯವರು ಮೂಗಿನ ತುದಿಯ ಕನ್ನಡಕವನ್ನು ಏರಿಸಿ ಗಟ್ಟಿಯಾಗಿ ಓದಿದರು. ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಇದೇ ಇರಲಿ ಎಂದೆ.

ಮುಂದೆ ಕೆಲವು ವರ್ಷ ಆ ಫೋನು ಕೊಕಟನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಬಸ್ಸಿಗಿಂತ ಮುಂಚೆ ಸುದ್ದಿ ತಂದಿತು. ಅದು ನಿಧಾನದ ಪ್ರಾಣಿ. ಪುಟವೊಂದು ಬರುವಷ್ಟರಲ್ಲಿ ಅವರು ಎಲೆಅಡಿಕೆ ಮುಗಿಸುತ್ತಿದ್ದರು. ಜೊತೆಗೆ ಬಂದಿದ್ದ ಕಡ್ಡಿ ಕಳೆದುಹೋದ ಮೇಲೆ ಬೆಂಕಿಪೊಟ್ಟಣದ ಕಡ್ಡಿಯ ಹಿಂಬದಿಯಿಂದ ಒತ್ತುತ್ತಿದ್ದರು. ಜಾಬ್ಸ್ ಮಹಾಶಯರು ಬೇಡವೆಂದ ಕಡ್ಡಿ ನಮ್ಮ ಕಟ್ಟೆಯ ಮೇಲೆ ಕಬ್ಬಿನ ದರ ಓದಲು ಒದಗಿಬಂತು. ತಂದೆಯವರು ಈಗಿಲ್ಲ, ಒತ್ತುವ ಗಾಜಿನ ಜಾತಿಯೂ ಫೋನುಗಳ ಪೈಕಿ ಹೆಚ್ಚುಕಡಿಮೆ ಅಳಿದೇ ಹೋಯಿತು.

ಮುಟ್ಟುವ ಗಾಜೂ ಸುಧಾರಿಸಿತೆನ್ನಿ. ಕೈಗವಸು ಹಾಕಿಕೊಂಡೇ ಮುಟ್ಟಬಹುದಾದ ಗಾಜು ೨೦೧೨ರಲ್ಲಿ ನೋಕಿಯಾ ಲೂಮಿಯಾ ೯೨೦ರಲ್ಲಿ ಬಂತು. ಚಳಿಯ ದೇಶದವರ ಕಷ್ಟ ಎಂಜಿನಿಯರರಿಗೆ ತಿಳಿದಿತ್ತು. ಜಡ್ಡು ಎಂಬುದು ಕಳಚಿಡಲಾಗದ ಕೈಗವಸೆಂದು ಅವರಿಗೆ ಯಾರೂ ಹೇಳಿರಲಾರರು. ಈ ಮಾತು ಹಳೆಯದಾಯಿತೆನ್ನುವಂತಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರದ ಮುಂದೆ ನಿಂತು, ಬೆರಳನ್ನು ಸೆರಗಿಗೆ ಒರೆಸಿ, ಮತ್ತೆ ಇಟ್ಟು, ಮತ್ತೆ ಒರೆಸುವ ಕೂಲಿಯ ಹೆಂಗಸರನ್ನು ವಾಚಕರೂ ಕಂಡಿರಬಹುದು. ದುಡಿದು ಗೆರೆ ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. ಫೋನು ಗುರುತಿಸದಿದ್ದರೆ ಸುದ್ದಿ ತಪ್ಪೀತು. ಇದು ಗುರುತಿಸದಿದ್ದರೆ ಆ ಹೊತ್ತಿನ ಅಕ್ಕಿಗೇ ಕುತ್ತು.

ಈಗಲೂ ವಿದ್ಯಾರ್ಥಿಗಳು ಕೋಷ್ಟಕ ಹಿಡಿದು ಯಾವ ಫೋನು ಕೊಳ್ಳಲಿ ಸರ್ ಎಂದು ಬರುತ್ತಾರೆ. ಅಂಕಿಗಳಲ್ಲಿ ಅವರು ನನಗಿಂತ ಪಂಡಿತರು. ಫೋನು ಯಾರಿಗೆ ಎಂದಷ್ಟೇ ಕೇಳುತ್ತೇನೆ. ಮನೆಯಲ್ಲಿ ಅವ್ವನಿಗೆ ಎಂದರೆ, ಹಾಗಾದರೆ ಅವ್ವನನ್ನೇ ಅಂಗಡಿಗೆ ಕರೆದುಕೊಂಡು ಹೋಗಪ್ಪ ಎನ್ನುತ್ತೇನೆ.