ಭಾನುವಾರದ ಫುಟ್‌ಪಾತಿನಲ್ಲಿ 'ಬಂಗಾರದ ಮನುಷ್ಯ'!

ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿನ ಮೆಟ್ರೋ ಹತ್ತಿದರೆ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ಭಾನುವಾರ ಬೆಳಿಗ್ಗೆ ಅಲ್ಲಿಳಿದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಕಾಲು ಹಾಕಿ ನೋಡ್ರಿ. ವಾರವೆಲ್ಲಾ ವೈರು, ಸ್ವಿಚ್ಚು, ಬಲ್ಬುಗಳ ಭರಾಟೆ ನಡೆಸುವ ಅಂಗಡಿಗಳ ಷಟರ್ ಅಂದು ಕೆಳಗಿಳಿದಿರುತ್ತದೆ. ಅದರ ಮುಂದೆ ಹಾಸಿದ ಗೋಣಿತಾಟುಗಳ ಮೇಲೆ ಬೇರೆ ಪ್ರಪಂಚವೇ ಹರಡಿಕೊಂಡಿರುತ್ತದೆ! ನಿಂತುಹೋದ ಕೈಗಡಿಯಾರ, ವಾಲ್ವ್ ರೇಡಿಯೋ, ತುಕ್ಕು ಹಿಡಿದ ಸ್ಪ್ಯಾನರ್, ಜೋಡಿ ಕಳೆದುಕೊಂಡ ಒಂಟಿ ಬೂಟು, ಯಾರದೋ ಮದುವೆಯ ಆಲ್ಬಂ...

ಒಬ್ಬರು ಸಂಡೇ ಬಜಾರ್ ಅಂತಾರೆ, ಇನ್ನೊಬ್ಬರು ಚೋರ್ ಬಜಾರ್ ಅಂತಾರೆ. ಹೆಸರು ಏನೇ ಇರಲಿ, ಸಿನಿಮಾ ಹುಚ್ಚು ಹತ್ತಿದವನ ಕಣ್ಣು ಹುಡುಕುವುದೇ ಬೇರೆ. ಮಡಿಸಿಟ್ಟ ಪೋಸ್ಟರ್, ಅಂಚು ಹರಿದ ಹಾಡಿನ ಪುಸ್ತಕ, ಟಾಕೀಸಿನ ಗಾಜಿನ ಪೆಟ್ಟಿಗೆಯಲ್ಲಿ ಮೆರೆದಿದ್ದ ಫೋಟೋ, ಕವರಿನೊಳಗೆ ಬೆಚ್ಚಗೆ ಕುಳಿತ ಕಪ್ಪು ತಟ್ಟೆ!

ಇವೆಲ್ಲಾ ಎಲ್ಲಿಂದ ಬರುತ್ತವೆ? ಗಾಂಧಿನಗರದ ಹಂಚಿಕೆದಾರರ ಆಫೀಸು ಖಾಲಿಯಾದಾಗ, ಟಾಕೀಸು ಬಾಗಿಲು ಹಾಕಿದಾಗ, ಅಪ್ಪನ ಟ್ರಂಕು ಮಗನಿಗೆ ಭಾರವಾದಾಗ ಗುಜರಿ ಗಾಡಿ ಬಂದು ನಿಲ್ಲುತ್ತದೆ. ಮಾರುವವನದು ಕೆಜಿ ಲೆಕ್ಕ. ಕೊಳ್ಳುವವನದು ಹೀರೋ ಲೆಕ್ಕ. ಈ ಎರಡು ಲೆಕ್ಕದ ನಡುವೆ ಈಗ ಹೊಸದೊಂದು ವ್ಯಾಪಾರ ಬೆಳೆದಿದೆ. ಇಲ್ಲಿ ಕೊಳ್ಳುವುದು, ಫೋನಿನಲ್ಲಿ ಫೋಟೋ ತೆಗೆಯುವುದು, ಆನ್‌ಲೈನಿನಲ್ಲಿ ಮಾರುವುದು. ಜೇಬು ತುಂಬಿಸಿಕೊಂಡವರೂ ಇದ್ದಾರೆ, ಟೋಪಿ ಹಾಕಿಸಿಕೊಂಡವರೂ ಇದ್ದಾರೆ.

ಅಸಲಿಯೋ? ನಕಲಿಯೋ?

'ಬಂಗಾರದ ಮನುಷ್ಯ'ದ ಪೋಸ್ಟರೊಂದು ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಎದೆ ಡವಡವ! ಆದರೆ ತಡೀರಿ. ಚಿತ್ರ ತೆರೆಗೆ ಬಂದದ್ದು 1972ರ ಮಾರ್ಚಿನಲ್ಲಿ. ಇಂಥ ಚಿತ್ರ ಮತ್ತೆ ಮತ್ತೆ ಬಿಡುಗಡೆಯಾಗುತ್ತದೆ, ಪೋಸ್ಟರೂ ಮತ್ತೆ ಅಚ್ಚಾಗುತ್ತದೆ. ನಿಮ್ಮ ಕೈಲಿರುವುದು ಮೊದಲ ಬಿಡುಗಡೆಯದೋ, ಆಮೇಲಿನದೋ? ಬೆಲೆಯ ಗುಟ್ಟೆಲ್ಲಾ ಅಲ್ಲೇ ಇದೆ.

ಮೊದಲು ಹೆಸರು ನೋಡಿ. 'ಡಾ. ರಾಜ್‌ಕುಮಾರ್' ಅಂತಿದೆಯೇ? ಮೈಸೂರು ವಿಶ್ವವಿದ್ಯಾಲಯ ಅಣ್ಣಾವ್ರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಹಾಗಾದರೆ ಆ ಪೋಸ್ಟರ್ 1972ರದು ಹೇಗಾದೀತು? ಆಮೇಲೆ ಕೆಳಗಿನ ಅಂಚಿಗೆ ಬನ್ನಿ. ಅಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮುದ್ರಣಾಲಯದ ಇಲ್ಲವೇ ಹಂಚಿಕೆದಾರರ ವಿಳಾಸ ಇದ್ದರೆ ಓದಿ. ಆರಂಕಿಯ ಪಿನ್ ಕೋಡ್ ದೇಶಕ್ಕೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಗಾಂಧಿನಗರಕ್ಕೆ 'ಬೆಂಗಳೂರು-9' ಅಂದರೆ ಸಾಕಿತ್ತು. '560 009' ಅಂತಿದ್ದರೆ ಅದು ಮಾರ್ಚಿನ ಮಾಲಲ್ಲ. ರಾಜ್ಯದ ಹೆಸರು 'ಕರ್ನಾಟಕ' ಆದದ್ದು 1973ರ ನವೆಂಬರ್ 1ರಂದು, ಅದನ್ನೂ ನೆನಪಿಡಿ.

ಇಲ್ಲೊಂದು ಸೂಕ್ಷ್ಮ ಇದೆ. ಇಂಥ ಗುರುತುಗಳು 'ಇದು ಅಷ್ಟು ಹಳೆಯದಲ್ಲ' ಅಂತ ಹೇಳಬಲ್ಲವೇ ಹೊರತು 'ಇದು ಹಳೆಯದು' ಅಂತ ಗ್ಯಾರಂಟಿ ಕೊಡಲಾರವು. ಪಿನ್ ಕೋಡ್ ಬಂದ ಮೇಲೂ ಹಳೇ ಅಭ್ಯಾಸದಲ್ಲಿ 'ಬೆಂಗಳೂರು-9' ಅಂತ ಬರೆದವರು ಇದ್ದೇ ಇದ್ದರು. ಬಣ್ಣವನ್ನೂ ನಂಬಬೇಡಿ. 'ಕಸ್ತೂರಿ ನಿವಾಸ' 1971ರಲ್ಲಿ ಬಂದದ್ದು ಕಪ್ಪು ಬಿಳುಪಿನಲ್ಲಿ, ಬಣ್ಣ ತುಂಬಿ ಮತ್ತೆ ಬಿಟ್ಟದ್ದು 2014ರಲ್ಲಿ. ಆದರೆ ಕಪ್ಪು ಬಿಳುಪು ಚಿತ್ರಗಳಿಗೂ ಆ ಕಾಲದಲ್ಲಿ ಬಣ್ಣದ ಪೋಸ್ಟರ್ ಅಂಟಿಸುತ್ತಿದ್ದರು ಸ್ವಾಮಿ!

ಇನ್ನು ಶುದ್ಧ ನಕಲಿ. ಹಳೆಯದನ್ನು ಸ್ಕ್ಯಾನ್ ಮಾಡಿ ಹೊಸ ಕಾಗದದ ಮೇಲೆ ಇಳಿಸಿದ್ದು. ಇದನ್ನು ಹಿಡಿಯೋದು ಸುಲಭ. ಹಳೇ ಪೋಸ್ಟರಿನ ಮಡಿಕೆಯ ಗೆರೆ ಕಾಣುತ್ತದೆ ತಾನೆ? ಅದರ ಮೇಲೆ ಬೆರಳಾಡಿಸಿ. ಗೆರೆ ಕಣ್ಣಿಗೆ ಕಂಡು ಬೆರಳಿಗೆ ಸಿಗದಿದ್ದರೆ, ಅದು ಮಡಿಕೆಯಲ್ಲ, ಮಡಿಕೆಯ ಫೋಟೋ! ಜೇಬಿನಲ್ಲೊಂದು ಭೂತಗನ್ನಡಿಯೂ ಇರಲಿ. ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕಿಗಳು ಸಾಲಾಗಿ, ಹೂವಿನ ದಳದಂತೆ ಜೋಡಿಸಿಕೊಂಡಿರುತ್ತವೆ. ಕಂಪ್ಯೂಟರ್ ಪ್ರಿಂಟರಿನ ಇಂಕು ಓಕುಳಿ ಎರಚಿದಂತೆ ಅಡ್ಡಾದಿಡ್ಡಿ ಸಿಡಿದಿರುತ್ತದೆ.

ರೆಕಾರ್ಡಿನ ಕಥೆಯೂ ಇಷ್ಟೇ. ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆ ಕೈಜಾರಿದರೆ ಚೂರು ಚೂರು. 45 ಸುತ್ತಿನ ಏಳಿಂಚಿನ ಇ.ಪಿ., 33 ಸುತ್ತಿನ ಹನ್ನೆರಡಿಂಚಿನ ಎಲ್.ಪಿ. ವಿನೈಲಿನವು, ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳೆಲ್ಲಾ ತಾವಾಗಿಯೇ ತಪ್ಪೊಪ್ಪಿಕೊಳ್ಳುತ್ತವೆ. ಕವರಿನ ಮೇಲಿನ ನಂಬರು, ತಟ್ಟೆಯ ಲೇಬಲ್ಲಿನ ನಂಬರು ಎರಡೂ ತಾಳೆಯಾಗಬೇಕು. 'ನಾಗರಹಾವು' ಕವರಿನೊಳಗೆ ಯಾವುದೋ ಭಜನೆ ಕುಳಿತಿದ್ದರೆ ಯಾರನ್ನು ಕೇಳ್ತೀರಿ?

ಬೆಲೆ ಕಟ್ಟೋದು ಹೇಗೆ?

ಆನ್‌ಲೈನಿನಲ್ಲಿ ಯಾರೋ ಹತ್ತು ಸಾವಿರ ಅಂತ ಹಾಕಿದ್ದಾನೆ ಅಂದ ತಕ್ಷಣ ನಿಮ್ಮದಕ್ಕೂ ಹತ್ತು ಸಾವಿರ ಬಂತೇ? ಅದು ಕೇಳಿದ ಬೆಲೆ. ಕೊಟ್ಟ ಬೆಲೆ ಬೇರೆ! ಇಬೇ ಇಂಡಿಯಾ 2018ರಲ್ಲಿ ಮುಚ್ಚಿತು, ಆದರೆ ವಿದೇಶದ ಇಬೇಯಲ್ಲಿ 'ಮಾರಾಟವಾದದ್ದು' ಅಂತ ಪ್ರತ್ಯೇಕವಾಗಿ ಹುಡುಕಬಹುದು. ರೆಕಾರ್ಡುಗಳಿಗಾದರೆ 2000ದಲ್ಲಿ ಶುರುವಾದ ಡಿಸ್ಕಾಗ್ಸ್ ಇದೆ. ಆ ತಟ್ಟೆ ಅಲ್ಲಿ ಹಿಂದೆ ಮಾರಾಟವಾಗಿದ್ದರೆ ಅತಿ ಕಡಿಮೆ, ಅತಿ ಹೆಚ್ಚು, ನಡುವಿನ ಬೆಲೆ ಎಲ್ಲಾ ಸಿಗುತ್ತದೆ. ನಡುವಿನದನ್ನು ನಂಬಿ.

ರೆಕಾರ್ಡ್ ವ್ಯಾಪಾರದ ಭಾಷೆಯೂ ಗೊತ್ತಿರಲಿ. 'ಮಿಂಟ್' ಅಂದರೆ ಈಗ ತಾನೇ ಫ್ಯಾಕ್ಟರಿಯಿಂದ ಬಂದಂತಿರುವುದು. ಅದರ ಕೆಳಗೆ 'ನಿಯರ್ ಮಿಂಟ್', 'ವೆರಿ ಗುಡ್ ಪ್ಲಸ್', 'ವೆರಿ ಗುಡ್'. ಇನ್ನೂ ಕೆಳಗೆ 'ಗುಡ್'. ಹೌದು, ಈ ಲೋಕದಲ್ಲಿ 'ಗುಡ್' ಅಂದರೆ ಕೊರಕೊರ ಅಂತ ಹಾಡುವ ಸವೆದ ತಟ್ಟೆ!

ಪೋಸ್ಟರ್ ಕೊಂಡವರು ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಎರಡೂ ಕಾಗದವನ್ನೂ ಬೆಲೆಯನ್ನೂ ಒಟ್ಟಿಗೆ ಕೊಲ್ಲುತ್ತವೆ. ಮಾರುವಾಗ ಹಗಲು ಬೆಳಕಿನಲ್ಲಿ ಮುಂದೆ ಹಿಂದೆ ಫೋಟೋ ತೆಗೆದು, ಹರಿದ ಜಾಗವನ್ನು ಹತ್ತಿರದಿಂದ ತೋರಿಸಿ. ಪೋಸ್ಟರನ್ನು ಗಟ್ಟಿ ಕೊಳವೆಯಲ್ಲಿ ಸುತ್ತಿ ಕಳಿಸಿ, ರೆಕಾರ್ಡನ್ನು ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ. 'ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ದುಡ್ಡು ಬರುತ್ತೆ' ಅನ್ನೋ ಗಿರಾಕಿ ಸಿಕ್ಕರೆ ಫೋನ್ ಇಟ್ಟುಬಿಡಿ. ದುಡ್ಡು ಬರೋದಕ್ಕೆ ಪಿನ್ ಬೇಡ, ಹೋಗೋದಕ್ಕೆ ಬೇಕು!

ದುಡ್ಡಿಗಿಂತ ದೊಡ್ಡ ಮಾತು

ಈ ಬಜಾರಿನಿಂದ ನಡೆದೇ ಹೋಗಬಹುದಾದ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ 1934ರ ಮಾರ್ಚ್ 3ರಂದು ತೆರೆಗೆ ಬಂದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಟಿಸಿದ ಆ ಚಿತ್ರದ ಪ್ರಿಂಟು ಇಂದು ಉಳಿದಿಲ್ಲ. ನೀವು ಕೋಟಿ ಕೊಟ್ಟರೂ ಅದನ್ನು ನೋಡಲಾರಿರಿ. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಆ ಚೂರು ಬೆಳ್ಳಿಯ ಆಸೆಗೆ ನಮ್ಮ ದೇಶದ ಎಷ್ಟೋ ಹಳೇ ಚಿತ್ರಗಳು ಗುಜರಿಗೆ ಹೋಗಿ ಕರಗಿದವು. ಚಿತ್ರ ಹೋದ ಮೇಲೆ ಉಳಿಯುವುದು ಏನು? ಒಂದಿಷ್ಟು ಫೋಟೋ, ಒಂದು ಹಾಡಿನ ಪುಸ್ತಕ, ಒಂದು ಪೋಸ್ಟರ್. ಅಂದರೆ ಇದೇ ಫುಟ್‌ಪಾತಿನ ಮಾಲು!

ಅದಕ್ಕೇ ಗೆಳೆಯರೇ, ಹೊಸ ಪ್ರಿಂಟನ್ನು ಹಳೆಯದೆಂದು ಮಾರುವವನು ಬರೀ ಒಬ್ಬ ಗಿರಾಕಿಗೆ ಮೋಸ ಮಾಡುತ್ತಿಲ್ಲ. ನಾಳೆ ಆ ನಕಲಿಯನ್ನೇ ನೋಡಿ ಯಾರೋ ಚರಿತ್ರೆ ಬರೆಯುತ್ತಾನೆ. ನಕಲಿಯನ್ನು ನಕಲಿ ಅಂತಲೇ ಮಾರಿ, ಅದಕ್ಕೂ ಗೋಡೆಗೆ ಹಾಕಿಕೊಳ್ಳುವ ಅಭಿಮಾನಿ ಇದ್ದಾನೆ. ಅಪರೂಪದ ಹಾಡಿನ ಪುಸ್ತಕ ಸಿಕ್ಕರೆ ಮಾರುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಡಿ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪೋಸ್ಟರ್, ಹಾಡಿನ ಪುಸ್ತಕಗಳನ್ನೂ ಕಾಪಾಡುತ್ತದೆ, ಅವರಿಗೊಂದು ಕಾಗದ ಬರೆಯಿರಿ. ಹಾಗೇ, ಕೆಜಿ ಲೆಕ್ಕದಲ್ಲಿ ಕೊಟ್ಟ ಆ ಗುಜರಿ ಅಣ್ಣನಿಗೆ ಚೌಕಾಸಿಯ ಕೊನೆಯ ಹತ್ತು ರೂಪಾಯಿ ಬಿಟ್ಟುಕೊಡಿ. ಅವನು ಎತ್ತಿಡದಿದ್ದರೆ ನಿಮ್ಮ ಹೀರೋ ಕಡಲೆಕಾಯಿ ಪೊಟ್ಟಣವಾಗುತ್ತಿದ್ದ!

ಲಾಭ ಮಾಡಿ, ಬೇಡ ಅಂದವರಾರು? ಆದರೆ ಭಾನುವಾರ ಬೆಳಿಗ್ಗೆ ಬೇಗ ಏಳಿ. ಹೊತ್ತೇರಿ ಬಂದವನಿಗೆ ಸಿಗೋದು ಒಂಟಿ ಬೂಟೇ!