ಊರಿಂದ ಕಟ್ಕೊಂಡು ಹೋದದ್ದಲ್ಲ

ದೇವದುರ್ಗ ತಾಲೂಕಿನ ಹಳ್ಳಿಯಿಂದ ಸೈನ್ಯ ಸೇರಿದ ನಮ್ಮ ಸೋದರಮಾವನನ್ನು ಹನ್ನೊಂದನೇ ವರ್ಷ ಹೊಟ್ಟೆಹುಣ್ಣು ಅಂತ ಮನೆಗೆ ಕಳಿಸಿದರು. ಅಂಗವೈಕಲ್ಯ ಪಿಂಚಣಿ ಕೇಳಿದರೆ ಬಂದ ಉತ್ತರ: ರೋಗ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.

"ಹಂಗಾದ್ರ ಊರಿಂದ ಕಟ್ಕೊಂಡು ಹೋಗಿದ್ನೇನಪಾ ಅಳಿಯಾ?" ಅಂದ್ರು ಮಾವ.

ಕಾನೂನು ಕೇಳೋದೂ ಇದನ್ನೇ. ಧರ್ಮವೀರ್ ಸಿಂಗ್ ಎಂಬ ಸೈನಿಕ 1985ರಲ್ಲಿ ಸೇರಿದವರು; 1994ರಲ್ಲಿ ಮೂರ್ಛೆರೋಗದ ಕಾರಣಕ್ಕೆ ಬಿಡುಗಡೆಯಾದರು. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಭರ್ತಿಯ ದಿನ ದಾಖಲೆಯಲ್ಲಿಲ್ಲದ ರೋಗಕ್ಕಾಗಿ ಮುಂದೆ ಮನೆಗೆ ಕಳಿಸಿದರೆ, ಅದು ಸೇವೆಯಿಂದಲೇ ಬಂತು ಎಂದು ಭಾವಿಸಬೇಕು. ಅಲ್ಲ ಅನ್ನೋ ವೈದ್ಯರು ಕಾರಣ ಬರೆಯಬೇಕು.

ನಮ್ಮ ಭಾಷೇಲಿ ಹೇಳೋದಾದ್ರೆ, ಟೆಸ್ಟಿಂಗ್ ಪಾಸಾದ ಕೋಡು ಪ್ರೊಡಕ್ಷನ್‌ನಲ್ಲಿ ಕೆಟ್ಟರೆ ಮೊದಲು ನೋಡೋದು ಲಾಗ್. ಮಾವನ ಲಾಗ್ ಅವರ ಈಗಿನ ಮಾನ್ವಿ ಮನೆಯ ಟ್ರಂಕಿನಲ್ಲಿತ್ತು: ಮಿಲಿಟರಿ ಆಸ್ಪತ್ರೆಯ ಚೀಟಿಗಳು, ಬಿಡುಗಡೆ ಪುಸ್ತಕ, ಮೆಡಿಕಲ್ ಬೋರ್ಡಿನ ಹಾಳೆಗಳು. ರಾಯಚೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿ ತಾರೀಖಿನ ಪ್ರಕಾರ ಜೋಡಿಸಿದೆ. ಭರ್ತಿಯ ಹಾಳೆಯಲ್ಲಿ ಹೊಟ್ಟೆಯ ಮಾತೇ ಇಲ್ಲ. ಮೊದಲ ಅಪೀಲು ತಿರಸ್ಕಾರವಾಗಿದೆ, ಎರಡನೆಯದು ಹಾಕಿದ್ದೇವೆ. ಅದೂ ಆಗದಿದ್ದರೆ 2007ರ ಕಾಯ್ದೆಯಡಿ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ.

"ರೊಕ್ಕ ಬಂದ್ರ ಬರಲಿ, ಬಿಟ್ರ ಬಿಡಲಿ. ಸುಳ್ಳು ಹೇಳ್ದೋನು ಅನ್ನಿಸ್ಕೊಂಡು ಸಾಯಬಾರ್ದು" ಅಂತಾರೆ ಮಾವ.

ನಿಮ್ಮ ಮನೆಯಲ್ಲೂ ಮಾಜಿ ಸೈನಿಕರಿದ್ದರೆ, ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅವರ ಕಾಗದಗಳನ್ನೊಮ್ಮೆ ಕೇಳಿ ನೋಡಿ. ಆ ಇಂಗ್ಲಿಷನ್ನು ಓದಿ ಹೇಳೋರು ಮನೆಯಲ್ಲಿ ನೀವೊಬ್ಬರೇ ಇರಬಹುದು.